ಸ್ಕ್ಯಾನಿಂಗ್ ಕವರಿನ ಹಿಂದೆ ನೂರು ಸೊನ್ನೆ

12 ಜುಲೈ 2025, ಶನಿವಾರ
ಕಾಸರಗೋಡು

ಬೆಳಿಗ್ಗೆಯಿಂದ ಮಳೆ ಬಿಟ್ಟೇ ಇಲ್ಲ. ಆಸ್ಪತ್ರೆಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ತಂಗಿಗೆ ಈಗಷ್ಟೇ ನಿದ್ದೆ ಹತ್ತಿತು.

ಅವಳಿಗೆ ಇವತ್ತಿಗೆ 35 ವಾರ 2 ದಿನ. ಬಿಪಿ ಇಳಿಯುತ್ತಿಲ್ಲ. ಒಂದೆರಡು ದಿನದಲ್ಲೇ ಹೆರಿಗೆ ಮಾಡಿಸಬೇಕಾದೀತು ಅಂದರು. ಅದರ ಬೆನ್ನಿಗೇ ಒಂದು ಫಾರಂ ಬಂತು. "ಮಗುವಿನ ಶ್ವಾಸಕೋಶಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್. ಇಲ್ಲಿ ಸೈನ್ ಹಾಕಿ." ಫಾರಂ ಪೂರ್ತಿ ಮಲಯಾಳದಲ್ಲಿ. ನಾವು ಪೆರ್ಲ ಕಡೆಯವರು, ಕನ್ನಡ ಮೀಡಿಯಂನಲ್ಲಿ ಓದಿದವರು. ಮಲಯಾಳ ಕೇಳಿದರೆ ಮುಕ್ಕಾಲು ಪಾಲು ತಿಳಿಯುತ್ತದೆ, ಓದಲಿಕ್ಕೆ ಬರುವುದಿಲ್ಲ. ತಂಗಿ ಪೆನ್ನು ಹಿಡಿದು ನನ್ನ ಮುಖ ನೋಡಿದಳು. "ಸ್ಟೀರಾಯ್ಡಾ? ಬೇಡ ಮಗಾ" ಅಂದರು ಅಮ್ಮ. ತಂಗಿಯ ಗಂಡನಿಗೆ ಹಾಕಿಸಿಬಿಡುವ ಅವಸರ. ಅವಳನ್ನು ಯಾರೂ ಕೇಳಲಿಲ್ಲ. ನನಗೆ ಬೇಜಾರಾಯಿತು. ಕನ್ನಡದಲ್ಲಿ ಯಾರಾದರೂ ಹೇಳ್ತೀರಾ ಅಂತ ಕೇಳಿಯೇ ಬಿಟ್ಟೆ.

ಅರ್ಧ ಗಂಟೆ ಬಿಟ್ಟು ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟ್ರು ಬಂದರು. ಜೊತೆಗೆ ಕುಂಬಳೆಯ ಸಿಸ್ಟರ್. ಡಾಕ್ಟ್ರು ಮಲಯಾಳದಲ್ಲಿ ಹೇಳುವುದು, ಸಿಸ್ಟರ್ ಕನ್ನಡದಲ್ಲಿ ಹೇಳುವುದು. ಡಾಕ್ಟ್ರು ಸ್ಟೂಲ್ ಎಳೆದು ಕೂತರು. ಸ್ಕ್ಯಾನಿಂಗ್ ಕವರಿನ ಹಿಂದೆ ಸಾಲಿಗೆ ಹತ್ತರಂತೆ ಹತ್ತು ಸಾಲು ಸೊನ್ನೆ ಬರೆದರು.

"34 ವಾರದೊಳಗೆ ಆದರೆ ನಾನು ಇಷ್ಟು ಕೇಳುತ್ತಿರಲಿಲ್ಲ, ಕೊಡಿ ಎಂದೇ ಹೇಳುತ್ತಿದ್ದೆ. ಅದರ ಲಾಭ 1972ರಿಂದ ಗೊತ್ತುಂಟು. ಈಗ ಹಾಗಲ್ಲ, ತೂಗಿ ನೋಡಬೇಕು."

2016ರಲ್ಲಿ ಅಮೆರಿಕದ ದೊಡ್ಡ ಅಧ್ಯಯನ ಬಂದಿತ್ತಂತೆ, 2,831 ಗರ್ಭಿಣಿಯರದ್ದು. ಇಂಜೆಕ್ಷನ್ ಇಲ್ಲದೆ ನೂರರಲ್ಲಿ ಸುಮಾರು 14 ಮಕ್ಕಳಿಗೆ ಹುಟ್ಟಿ ಮೂರು ದಿನದೊಳಗೆ ಉಸಿರಾಟಕ್ಕೆ ಸಹಾಯ ಬೇಕಾಯಿತು. ಕೊಟ್ಟಾಗ ಸುಮಾರು 12. ಡಾಕ್ಟ್ರು 14 ಸೊನ್ನೆ ತುಂಬಿಸಿ ಎರಡಕ್ಕೆ ಗೀಟು ಹಾಕಿದರು, ಆಮೇಲೆ "ಸರಿಯಾಗಿ ಲೆಕ್ಕ ಹಾಕಿದರೆ ಮೂರರ ಹತ್ತಿರ" ಅಂತ ಇನ್ನೊಂದಕ್ಕೂ ಅರ್ಧ ಗೀಟು ಎಳೆದರು. ಮಗುವಿನ ಶುಗರ್ ಇಳಿಯುವುದು ಮಾತ್ರ ಜಾಸ್ತಿ: ನೂರರಲ್ಲಿ 15 ಮಕ್ಕಳಿಗೆ ಇದ್ದದ್ದು 24 ಮಕ್ಕಳಿಗೆ. ಅದಕ್ಕೆ ಬೇರೆ ಬಣ್ಣದ ಪೆನ್ನು.

ಅಮ್ಮ ಸುಮ್ನೆ ನೋಡುತ್ತಿದ್ದವರು ಮೆಲ್ಲಗೆ ಕೇಳಿದರು, "ಶುಗರ್ ಇಳಿದರೆ ಗೊತ್ತಾಗುವುದು ಹೇಗೆ?" ಹಿಮ್ಮಡಿ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ, ಬೇಗ ಎದೆಹಾಲು ಕುಡಿಸಬೇಕು, ಹೆಚ್ಚಿನ ಮಕ್ಕಳಿಗೆ ಒಂದು ದಿನದಲ್ಲಿ ಸರಿಯಾಗುತ್ತದೆ ಅಂದರು. ಮುಂದೆ ಬುದ್ಧಿಗೆ ತೊಂದರೆಯಾ? ಆ ಮಕ್ಕಳನ್ನು ಆರು ವರ್ಷ ದಾಟಿದ ಮೇಲೆ ಪರೀಕ್ಷೆ ಮಾಡಿದ್ದು 2024ರಲ್ಲಿ ಪ್ರಕಟವಾಗಿದೆ, ವ್ಯತ್ಯಾಸ ಕಾಣಲಿಲ್ಲವಂತೆ.

ಆಮೇಲೆ ಡಾಕ್ಟ್ರು ತಂಗಿಯ ಕಡೆ ತಿರುಗಿ, "ನಿಮಗೆ ಯಾವುದು ದೊಡ್ಡ ಹೆದರಿಕೆ?" ಅಂತ ಕೇಳಿದರು.

ಅವಳ ಮೊದಲ ಮಗು ಹುಟ್ಟಿದಾಗ ಉಸಿರಾಟದ ತೊಂದರೆಯಾಗಿ ಮಂಗಳೂರಿಗೆ ಕಳಿಸಿದ್ದರು. 50 ಕಿಲೋಮೀಟರ್ ಆಚೆ ಮಗು, ಹೊಲಿಗೆ ಹಾಕಿಸಿಕೊಂಡು ಇಲ್ಲಿ ಇವಳು. ಆರು ದಿನ ಮಗುವನ್ನು ಫೋನಿನಲ್ಲಷ್ಟೇ ನೋಡಿದ್ದಳು. ಅದನ್ನೇ ಹೇಳಿದಳು. "ಹಿಮ್ಮಡಿ ಚುಚ್ಚಲಿ ಡಾಕ್ಟ್ರೇ, ನನ್ನ ಕಣ್ಣೆದುರೇ ಅಲ್ವಾ. ಆ ಮೂರರಲ್ಲಿ ನನ್ನ ಮಗುವೂ ಇರಬಹುದು."

ನಾನಾಗಿದ್ದರೆ ಬೇಡ ಅನ್ನುತ್ತಿದ್ದೆ. ನೂರರಲ್ಲಿ ಮೂರು ನನಗೆ ಸಣ್ಣದಾಗಿ ಕಂಡಿತು. ಆದರೆ ಆ ಆರು ದಿನ ಕಳೆದದ್ದು ಅವಳು. ಅವಳ ತಕ್ಕಡಿಯೇ ಸರಿ.

ತಂಗಿಗೆ ಶುಗರ್ ಉಂಟಾ ಅಂತ ಇನ್ನೊಮ್ಮೆ ನೋಡಿದರು, ಇಲ್ಲ. ಸಿಸ್ಟರ್ ಫಾರಂ ಸಾಲು ಸಾಲಾಗಿ ಓದಿ ಹೇಳಿದರು. ಆಮೇಲೆ ಸೈನ್. 4.30ಕ್ಕೆ ಆ ಸ್ಟೀರಾಯ್ಡ್, ಬೀಟಾಮೆಥಸೋನ್ 12 ಮಿಲಿಗ್ರಾಂ ಕೊಟ್ಟರು. ಎರಡನೆಯದು ನಾಳೆ ಇದೇ ಹೊತ್ತಿಗೆ. ಬಿಪಿ ಮತ್ತೆ ಏರಿದರೆ ಅದಕ್ಕೆ ಕಾಯುವುದಿಲ್ಲ, ಹೆರಿಗೆ ಮಾಡಿಸುತ್ತೇವೆ ಅಂತಲೂ ಈಗಲೇ ಹೇಳಿದ್ದಾರೆ.

ಕವರನ್ನು ಅವಳು ದಿಂಬಿನ ಅಡಿಯಲ್ಲಿ ಇಟ್ಟುಕೊಂಡಿದ್ದಾಳೆ. ಅಮ್ಮ ಆಗಿನಿಂದ ಎರಡು ಸಲ ಅದನ್ನು ತೆಗೆದು ನೋಡಿದರು.