ತಲೆದಿಂಬಿನ ಪಕ್ಕ ಖಡಕ್ ರೊಟ್ಟಿ

ತೊಗರಿಬೇಳೆ ಬೇಯುವ ವಾಸನೆಗೆ ಹೊಟ್ಟೆ ತೊಳಸಿದರೆ ಕಲಬುರಗಿಯಲ್ಲಿ ಬದುಕೋದು ಹೇಗೆ ಹೇಳಿ? ಇಲ್ಲಿ ಬೇಳೆ ಬೇಯದ ಮನೆ ಇಲ್ಲ. 2019ರಲ್ಲಿ ನಮ್ಮ ತೊಗರಿಗೆ ಜಿಐ ಟ್ಯಾಗ್, ಅಂದರೆ ಇದು ಈ ನೆಲದ್ದೇ ಬೆಳೆ ಅನ್ನೋ ಸರ್ಕಾರಿ ಗುರುತು, ಬಂದಾಗ ಶಾಲೆಯಲ್ಲಿ ಮಕ್ಕಳಿಗೆ ಅದನ್ನೇ ಹೆಮ್ಮೆಯಿಂದ ಹೇಳಿದವಳು ನಾನು. ಐದು ವರ್ಷ ಕಳೆದು, ಎರಡು ತಿಂಗಳ ಬಸುರಿಯಾದಾಗ, ಪಕ್ಕದ ಮನೆಯ ಕುಕ್ಕರ್ ಸೀಟಿ ಹೊಡೆದರೆ ಸಾಕು, ಸೆರಗು ಮೂಗಿಗೆ ಹಿಡಿದು ಬಚ್ಚಲಿಗೆ ಓಡುತ್ತಿದ್ದೆ.

ಶುರುವಾಗಿದ್ದು ಆರನೇ ವಾರಕ್ಕೆ. ಬೆಳಿಗ್ಗೆ ಎದ್ದಾಗ ಒಂದೆರಡು ಸಲ ಆಗುತ್ತೆ ಅಂತ ಕೇಳಿದ್ದೆ. ನನಗೆ ಬೆಳಿಗ್ಗೆ, ಮಧ್ಯಾಹ್ನ, ನಡುರಾತ್ರಿ ಅನ್ನೋ ಭೇದವೇ ಇರಲಿಲ್ಲ. ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋದೆ. ಡಾಕ್ಟರು ತಲೆ ಎತ್ತದೆ "ಎಲ್ಲರಿಗೂ ಆಗುತ್ತೆ, ಚೆನ್ನಾಗಿ ಊಟ ಮಾಡಿ" ಅಂದು ಕಬ್ಬಿಣಾಂಶದ ಗುಳಿಗೆ ಬರೆದುಕೊಟ್ಟರು. ಅದನ್ನು ನುಂಗಿದ ಮೇಲೆ ವಾಂತಿ ಇನ್ನೂ ಜಾಸ್ತಿ ಆಯಿತು. ಮನೆಗೆ ಬಂದರೆ ಅತ್ತೆಯದೂ ಅದೇ ಮಾತು. "ಎಲ್ಲಾರಿಗೂ ಆಗ್ತದ ಬಿಡು ಯವ್ವಾ. ನಾ ನಾಕು ಹಡದೀನಿ, ಒಂದಿನಾನೂ ಮಲಗಿಲ್ಲ." ಎದುರು ಮನೆಯವರು ಒಂದು ಹೆಜ್ಜೆ ಮುಂದೆ ಹೋಗಿ, "ಈಗಿನ ಹುಡಿಗೇರದು ನಖರಾನೇ ಭಾಳ" ಅಂದರು. ಕೇಳಿ ಕೇಳಿ ನನಗೂ ಹಾಗೇ ಅನ್ನಿಸತೊಡಗಿತ್ತು. ನಾನೇ ಜಾಸ್ತಿ ಮಾಡುತ್ತಿದ್ದೀನಾ?

ಶರಣಬಸವೇಶ್ವರ ಜಾತ್ರೆ ಮುಗಿದ ವಾರ ಅದು. ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ನನ್ನ ಶಾಲೆ ಜೇವರ್ಗಿ ಕಡೆ, ದಿನಾ ಬಸ್ಸು. ಪರೀಕ್ಷೆಯ ಸಮಯ, ರಜೆ ಕೇಳೋ ಹಾಗಿರಲಿಲ್ಲ. ಹಿಂದಿನ ದಿನದಿಂದ ಹೊಟ್ಟೆಯಲ್ಲಿ ನೀರು ಕೂಡ ನಿಂತಿರಲಿಲ್ಲ. ಬಸ್ಸಲ್ಲಿ ಪಕ್ಕ ಕೂತಿದ್ದ ಅಜ್ಜಿ ನನ್ನ ಮುಖ ನೋಡಿ, ಎಲಿ ಅಡಿಕಿ ಸಂಚಿ ಬಿಚ್ಚಿ ಒಂದು ನಿಂಬೆಕಾಯಿ ತೆಗೆದರು. ಉಗುರಿನಿಂದ ಸಿಪ್ಪೆ ಗೀರಿ ಕೈಗಿಟ್ಟು, "ಮೂಸಿಕೋತ ಕೂಡು" ಅಂದರು. ಹತ್ತು ನಿಮಿಷ ನಿಜವಾಗ್ಲೂ ಆರಾಮಾಯಿತು. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆ ಬರುವಷ್ಟರಲ್ಲಿ ಡೀಸೆಲ್ ವಾಸನೆ ಗೆದ್ದಿತು. ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಬರೀ ಹಳದಿ ನೀರು, ಕಹಿ.

ಶಾಲೆ ಮುಟ್ಟಿದರೆ ಅಲ್ಲಿ ಬಿಸಿಯೂಟದ ಸಾಂಬಾರು ಕುದಿಯುತ್ತಿತ್ತು. ಮತ್ತೆ ತೊಗರಿ! ಅಡುಗೆಮನೆ ದಾಟುವ ಮೊದಲೇ ಗೋಡೆ ಹಿಡಿದು ಕೂತೆ. ಅಡುಗೆ ಅಕ್ಕ ಸೌಟು ಹಿಡಿದುಕೊಂಡೇ ಓಡಿ ಬಂದಳು. "ನನ್ನ ಸಾಂಬಾರಿಗಿ ಏನಾಗ್ಯದ್ರಿ ಟೀಚರ್?" ಪಾಪ, ಅವಳಿಗೆ ಅದೇ ಚಿಂತೆ. ವಿಷಯ ಹೇಳಿದೆ. ಎಷ್ಟು ಸಲ ವಾಂತಿ ಆಯಿತು ಅಂತ ಅವಳು ಕೇಳಲಿಲ್ಲ. ನನ್ನ ತುಟಿ ನೋಡಿದಳು, ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು: "ಉಚ್ಚಿಗಿ ಯಾವಾಗ ಹೋಗಿದ್ರಿ?"

ಲೆಕ್ಕ ಹಾಕಿದೆ. ಹಿಂದಿನ ರಾತ್ರಿ ಒಂದು ಸಲ, ಅದೂ ಚಹಾದ ಬಣ್ಣದ್ದು. ಬೆಳಿಗ್ಗೆಯಿಂದ ಇಲ್ಲ. ಅವಳ ತಂಗಿಗೂ ಹೀಗೇ ಆಗಿ, ತಲೆ ತಿರುಗಿ ಬಿದ್ದಿದ್ದಳಂತೆ. "ಸರ್‍ಗೆ ನಾ ಹೇಳ್ತೀನಿ, ನೀವು ನಡೀರಿ" ಅಂದಳು. ಹೆಡ್‌ಮಾಸ್ಟರಿಗೆ ಏನು ಹೇಳಿದಳೋ ಗೊತ್ತಿಲ್ಲ. ಅವರು ನನ್ನ ಕಡೆ ನೋಡದೆಯೇ ಎರಡು ಸಲ "ಹೋಗ್ರಿ, ಹೋಗ್ರಿ" ಅಂದರು.

ಕಲಬುರಗಿಗೆ ವಾಪಸ್ ಬಂದು, ಈ ಸಲ ಅತ್ತೆಯ ಜೊತೆ ಬೇರೆ ಆಸ್ಪತ್ರೆಗೆ ಹೋದೆ. ಲೇಡಿ ಡಾಕ್ಟರು ಮೊದಲು ತೂಕ ನೋಡಿದರು. 52 ಕಿಲೋ ಇದ್ದವಳು 49ಕ್ಕೆ ಇಳಿದಿದ್ದೆ. ಮೂತ್ರ ಪರೀಕ್ಷೆಯಲ್ಲಿ ಕೀಟೋನ್ ಬಂತು. ಅಂದರೆ ಹೊಟ್ಟೆಗೆ ಏನೂ ಸಿಗದೆ ದೇಹ ತನ್ನ ಕೊಬ್ಬನ್ನೇ ಸುಡುತ್ತಿದೆ ಅಂತ. ಇದ್ದ ತೂಕದಲ್ಲಿ ನೂರಕ್ಕೆ ಐದು ಭಾಗಕ್ಕಿಂತ ಜಾಸ್ತಿ ಇಳಿದರೆ ಅದು ಸಾಮಾನ್ಯ ವಾಂತಿ ಅಲ್ಲ, ಚಿಕಿತ್ಸೆ ಬೇಕಾದದ್ದು ಅಂದರು. ಸಲೈನ್ ಹಚ್ಚಿದರು, ಬಿ ವಿಟಮಿನ್ ಇಂಜೆಕ್ಷನ್ ಕೊಟ್ಟರು. ಕಬ್ಬಿಣಾಂಶದ ಗುಳಿಗೆ ನಾಲ್ಕನೇ ತಿಂಗಳವರೆಗೆ ಬೇಡ, ಫೋಲಿಕ್ ಆ್ಯಸಿಡ್ ಮಾತ್ರ ಸಾಕು. ರಾತ್ರಿಗೆ ವಾಂತಿ ತಡೆಯೋಕೆ ಡಾಕ್ಸಿಲಮೈನ್ ಮತ್ತು ಬಿ6 ವಿಟಮಿನ್ ಸೇರಿದ ಗುಳಿಗೆ. ಮಗುವಿಗೆ ಏನಾದರೂ ಆದರೆ ಅಂತ ನಾನು ಹೆದರಿದೆ. "ಬಸುರಿಯರಿಗೆ ದಶಕಗಳಿಂದ ಕೊಡ್ತಾ ಬಂದಿರೋ ಔಷಧ ಇದು. ನೀವು ನೀರಿಲ್ಲದೆ ಒಣಗಿದ್ರೇನೇ ತೊಂದ್ರೆ" ಅಂದರು. ಎಂಟು ತಾಸು ಮೂತ್ರ ಹೋಗದಿದ್ದರೆ, ಇಡೀ ದಿನ ಗುಟುಕು ನೀರೂ ನಿಲ್ಲದಿದ್ದರೆ ಯಾರನ್ನೂ ಕೇಳದೆ ಬನ್ನಿ ಅಂತಲೂ ಹೇಳಿದರು. ಆ 'ಯಾರನ್ನೂ ಕೇಳದೆ' ಅನ್ನೋದನ್ನು ಅತ್ತೆಯ ಮುಂದೆಯೇ ಹೇಳಿದರು. ಅದಕ್ಕೇ ಅವರು ನನಗೆ ಇಷ್ಟವಾದರು.

ಎರಡನೇ ಬಾಟಲಿ ಇಳಿಯುವಾಗ ಅತ್ತೆ ನನ್ನ ಕಾಲು ಒತ್ತುತ್ತಾ ಕೂತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎರಡನೇದು ಹೊಟ್ಟ್ಯಾಗಿದ್ದಾಗ ನಾನೂ ಭಾಳ ಕಾರ್‍ಕೋತಿದ್ದೆ. ಅತ್ತಿ ನೋಡಬಾರದಂತ ಬಣವಿ ಹಿಂದ ಹೋಗ್ತಿದ್ದೆ" ಅಂದರು. ಮನೆಯಲ್ಲಿ ಈ ಮಾತು ಯಾವತ್ತೂ ಬಂದಿರಲಿಲ್ಲ.

ಇದೆಲ್ಲ ಯಾಕಾಗುತ್ತೆ ಅಂತ ಆಮೇಲೆ ಹುಡುಕಿ ಓದಿದೆ. 2023ರ ಡಿಸೆಂಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಸಂಶೋಧನೆ ಬಂದಿದೆ. ಜಿಡಿಎಫ್15 ಅನ್ನೋ ಹಾರ್ಮೋನು ಮುಖ್ಯ ಕಾರಣವಂತೆ. ಬಸಿರಿನಲ್ಲಿ ಅದು ಹೆಚ್ಚಾಗಿ ಮಗು ಮತ್ತು ಮಾಸಿನ ಕಡೆಯಿಂದ ಬರುತ್ತೆ. ಬಸುರಿಯಾಗೋಕೆ ಮುಂಚೆ ಯಾರ ಮೈಯಲ್ಲಿ ಅದು ಕಮ್ಮಿ ಇರುತ್ತೋ, ಅವರಿಗೆ ಅಭ್ಯಾಸ ಇಲ್ಲದ ಕಾರಣ ಕಾಟ ಜಾಸ್ತಿ. ಅತ್ತೆಗೆ ವಿವರಿಸಿದೆ. "ಹಂಗಾದ್ರ ನಖರಾ ನಿಂದಲ್ಲ, ಕೂಸಿಂದೇ ಅನ್ನು" ಅಂದು ಎದುರು ಮನೆಗೆ ಕೇಳುವ ಹಾಗೆ ನಕ್ಕರು.

ಮನೆಯಲ್ಲಿ ಅಡುಗೆಯ ಕ್ರಮ ಬದಲಾಯಿತು. ಬಿಸಿ ಅಡುಗೆಗಿಂತ ಆರಿದ್ದಕ್ಕೆ ವಾಸನೆ ಕಮ್ಮಿ. ಕುಕ್ಕರ್ ಇಡುವ ಮುಂಚೆ ಅತ್ತೆ ಕೂಗಿ ಹೇಳೋರು, ನಾನು ಮಾಳಿಗೆ ಹತ್ತುತ್ತಿದ್ದೆ. ಶುಂಠಿ ಎಲ್ಲರೂ ಹೇಳಿದರು, ನನಗೆ ಎದೆ ಉರಿಯಿತು ಅಷ್ಟೇ. ತಂಗಳು ರೊಟ್ಟಿ, ಆರಿದ ಪುಂಡಿಪಲ್ಯ ಮಾತ್ರ ನಿಂತಿತು, ಆ ಹುಳಿಗೋ ಏನೋ. ಊಟದ ಜೊತೆ ನೀರು ಕುಡಿಯುತ್ತಿರಲಿಲ್ಲ. ನಡುವೆ ಗುಟುಕು ಗುಟುಕಾಗಿ ಓಆರ್‌ಎಸ್. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಡಾಕ್ಟರು ಹೇಳಿದ ಒಂದು ಸಣ್ಣ ಮಾತು: ಎಚ್ಚರವಾದ ಮೇಲೆ ತಲೆ ಎತ್ತೋಕೆ ಮುಂಚೆ ಏನಾದರೂ ಒಣದು ತಿನ್ನಿ, ಹತ್ತು ಹದಿನೈದು ನಿಮಿಷ ಬಿಟ್ಟು ಏಳಿ. ಬಿಸ್ಕತ್ತು ಅಂದರು ಅವರು. ನಮ್ಮ ಮನೆಯಲ್ಲಿ ಖಡಕ್ ರೊಟ್ಟಿ ಇರುವಾಗ ಬಿಸ್ಕತ್ತು ಯಾಕೆ? ಹದಿನಾಲ್ಕನೇ ವಾರದ ಹೊತ್ತಿಗೆ ದಿನಕ್ಕೆ ಒಂದು ಸಲಕ್ಕೆ ಇಳಿಯಿತು.

ಆದರೆ ಖಡಕ್ ರೊಟ್ಟಿ ಮುರಿದರೆ ಪುಡಿ ಉದುರುತ್ತೆ, ಪುಡಿಗೆ ಇರುವೆ ಬರುತ್ತೆ. ಮೊದಲ ವಾರವೇ ಒಂದು ನಡುರಾತ್ರಿ ನಮ್ಮವರು ಮೈ ತುರಿಸಿಕೊಳ್ಳುತ್ತಾ ಎದ್ದರು. "ಇನ್ನೆಷ್ಟು ವಾರ ಇದು?" "ಐದು ಅಂತೆ" ಅಂದೆ. ಮರುಮಾತಾಡದೆ ಹಾಸಿಗೆ ಝಾಡಿಸಿ, ಅಡುಗೆಮನೆಯಿಂದ ಅರಿಶಿನದ ಡಬ್ಬಿ ತಂದು ಮಂಚದ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆದರು. ಇರುವೆ ನಿಂತವು. ಅರಿಶಿನದ ವಾಸನೆಗೆ ನಾನು ಎದ್ದು ಬಚ್ಚಲಿಗೆ ಓಡಿದೆ.