ದೊಡ್ಡಬೆಟ್ಟ, ಎರಡನೇ ಸಲ

ಹಿರೀಸಾವೆ ಹತ್ತಿರ ಹೆದ್ದಾರಿ ಬಿಟ್ಟು ಎಡಕ್ಕೆ ತಿರುಗಿದ ಸ್ವಲ್ಪ ಹೊತ್ತಿಗೆ ಬೆಟ್ಟ ಕಂಡಿತು. "ಇಷ್ಟೇನಾ?" ಅಂದಳು ಮಗಳು. ಅವಳಿಗೀಗ 12 ವರ್ಷ. ಏನು ತೋರಿಸಿದರೂ ಅದೇ ಮಾತು.

ನಾನು ಶ್ರವಣಬೆಳಗೊಳಕ್ಕೆ ಮೊದಲು ಬಂದಿದ್ದೂ ಅದೇ ವಯಸ್ಸಿನಲ್ಲಿ, ಸ್ಕೂಲ್ ಟೂರಿಗೆ. ನಾನು 7ನೇ ಕ್ಲಾಸು, ಅಣ್ಣ 10ನೇ ಕ್ಲಾಸು, ಇಬ್ಬರೂ ಒಂದೇ ಬಸ್ಸು. ನೆನಪಿದ್ದದ್ದು ಎರಡೇ: ಕಿಟಕಿ ಸೀಟಿಗೆ ಜಗಳ, ಮತ್ತೆ ಬೆತ್ತಲೆ ಮೂರ್ತಿ ನೋಡಿ ಕಿಸಕ್ಕನೆ ನಕ್ಕು ಮೇಷ್ಟ್ರ ಹತ್ತಿರ ಬೈಸಿಕೊಂಡಿದ್ದು.

ಅಮ್ಮನಿಗೆ ಮಂಡಿನೋವು. ಡೋಲಿ ಮಾಡ್ತೀನಿ ಅಂದರೆ, "ನಾಲ್ಕು ಜನರ ಹೆಗಲ ಮೇಲೆ ಹೋಗೋ ದಿನ ಹೇಗೂ ಬರುತ್ತೆ, ಈಗಲೇ ಯಾಕೆ?" ಅಂತ ನೆರಳು ಹುಡುಕಿ ಕೂತುಬಿಟ್ಟಳು.

ಚಪ್ಪಲಿ ಕೆಳಗೇ ಬಿಡಬೇಕು. ಹನ್ನೊಂದು ಗಂಟೆಗೇ ಬಂಡೆ ಕಾದಿತ್ತು. ಸಾಕ್ಸ್ ಮಾರುವವರು ಮುತ್ತಿಕೊಂಡರು. ಎರಡು ಜೊತೆ ಕೊಂಡೆ. ಹಾಕಿಕೊಳ್ಳಲು ಬಗ್ಗಿದಾಗ ತಟ್ಟನೆ ನೆನಪಾಯಿತು. ಅವತ್ತು ಇಳಿಯುವಾಗ ಅಂಗಾಲು ಸುಟ್ಟು ನಾನು ಅಳುತ್ತಾ ಕೂತಿದ್ದೆ. ಅಣ್ಣ ತನ್ನ ಯೂನಿಫಾರಂ ಸಾಕ್ಸ್ ಬಿಚ್ಚಿ ನನಗೆ ಕೊಟ್ಟ. ತಾನು ಬರಿಗಾಲಲ್ಲಿ ಕುಣಿಯುತ್ತಾ ಇಳಿದ. ಆ ಕುಣಿತ ನೋಡಿ ನಾನು ನಕ್ಕಿದ್ದೆ ಬೇರೆ. ಇಷ್ಟು ವರ್ಷ ಇದೆಲ್ಲ ಎಲ್ಲಿ ಹೋಗಿತ್ತೋ! ಊರಿನ ಮನೆ ಪಾಲಾದ ಮೇಲೆ ನಾವಿಬ್ಬರೂ ಮಾತಾಡಿ ಮೂರು ವರ್ಷವಾಗಿದೆ.

ಮೆಟ್ಟಿಲು 600ಕ್ಕೂ ಜಾಸ್ತಿ. ಸರಿಯಾಗಿ ಎಷ್ಟು ಅಂತ ಒಬ್ಬೊಬ್ಬರದು ಒಂದೊಂದು ಲೆಕ್ಕ. ನನ್ನದು ಇನ್ನೂರರ ಹತ್ತಿರ ಏದುಸಿರಲ್ಲಿ ತಪ್ಪಿಹೋಯಿತು.

ಮೇಲೆ ಗೊಮ್ಮಟ. ಹತ್ತಿರ ಹತ್ತಿರ 58 ಅಡಿ, ಒಂದೇ ಕಲ್ಲು. ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಯಲ್ಲಿ ಮಾಡಿಸಿದ್ದು. ಮಗಳು ಕಿಸಕ್ಕನೆ ನಕ್ಕಳು. ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಅವತ್ತು ನಾನು ಕತ್ತೆತ್ತಿ ಎತ್ತರ ನೋಡಿದ್ದೇ ನೋಡಿದ್ದು. ಈ ಸಲ ಕಣ್ಣು ಕೆಳಗೇ ನಿಂತಿತು. ಕಾಲಿನ ಪಕ್ಕ ಹುತ್ತ, ಹುತ್ತದಿಂದ ತಲೆ ಹಾಕಿದ ಹಾವು, ತೊಡೆ ಬಳಸಿ ತೋಳಿಗೇರಿದ ಬಳ್ಳಿ. ಕೆತ್ತಿದವನು ಬಳ್ಳಿಯ ಎಲೆಗೂ ಪುರುಸೊತ್ತು ಮಾಡಿಕೊಂಡಿದ್ದಾನೆ.

ಪಕ್ಕದ ಗುಂಪಿಗೆ ಗೈಡ್ ಕತೆ ಹೇಳುತ್ತಿದ್ದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ, ಮೂರರಲ್ಲೂ ಬಾಹುಬಲಿಯದೇ ಗೆಲುವು. ಸ್ಕೂಲಿನಲ್ಲಿ ನನಗೆ ಬೇಕಿದ್ದದ್ದು ಅಷ್ಟೇ. ತಮ್ಮ ಗೆಲ್ಲುವ ಕತೆ ಎಷ್ಟು ಸಿಗುತ್ತೆ ಹೇಳಿ! ಮುಂದಿನದಕ್ಕೆ ಕಿವಿಗೊಟ್ಟಿದ್ದು ಈಗಲೇ. ಗೆದ್ದವನು ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ. ವರ್ಷವಾದರೂ ಜ್ಞಾನ ಸಿಗಲಿಲ್ಲ. ನಿಂತ ನೆಲ ಭರತನದು ಅನ್ನುವ ಮುಳ್ಳು ಒಳಗೇ ಚುಚ್ಚುತ್ತಿತ್ತಂತೆ. ಕೊನೆಗೆ ಭರತನೇ ಬಂದು ಕೈಮುಗಿದ ಮೇಲೆ ಅದು ಹೋಯಿತಂತೆ.

"ಅಪ್ಪಾ, ಮತ್ತೆ ಆ ಜಾಗ ಯಾರಿಗಾಯ್ತು?"

"ನೀರು ಕುಡಿ" ಅಂದೆ.

ಇಳಿದು ಬಂದಾಗ ಅಮ್ಮ ಫೋನಿನಲ್ಲಿದ್ದಳು. ನನ್ನನ್ನು ಕಂಡು ದನಿ ತಗ್ಗಿಸಿದಳು. ಯಾರು ಅಂತ ನಾನು ಕೇಳಲಿಲ್ಲ. ಅವಳೇ ಫೋನಿಗೆ ಕೈ ಅಡ್ಡ ಹಿಡಿದು, "ಕಾಲು ಸುಡ್ತೇನೋ ಅಂತ ಕೇಳ್ತಿದಾನೆ" ಅಂದಳು.