ಹಾಸನದ ಗೆಡ್ಡೆ, ಶಾವಿಗೆ ಒರಳು

ಆಗಸ್ಟ್ ಕೊನೆಯ ಹೊತ್ತಿಗೆ ಹಾಸನದ ಮಾರುಕಟ್ಟೆಗೆ ಬರುವ ಹೊಸ ಆಲೂಗೆಡ್ಡೆಯನ್ನು ಗುರುತಿಸಲು ಯಾರನ್ನೂ ಕೇಳಬೇಕಾಗಿಲ್ಲ. ಗೆಡ್ಡೆಯ ಮೇಲೆ ಹೆಬ್ಬೆರಳನ್ನು ಒತ್ತಿ ಎಳೆದರೆ ಸಿಪ್ಪೆ ಈರುಳ್ಳಿಯ ಪೊರೆಯಂತೆ ಸುಲಿದು ಬರುತ್ತದೆ, ಅದರಡಿಯ ಮೈ ಒದ್ದೆಯಾಗಿ ಹೊಳೆಯುತ್ತದೆ, ಕೆಂಪು ಮಣ್ಣು ಉಗುರಿನ ಸಂದಿಯಲ್ಲಿ ಸಂಜೆಯವರೆಗೂ ಉಳಿಯುತ್ತದೆ. ಈ ಗೆಡ್ಡೆ ಹುಳಿಗೂ ಸಾಗುವಿಗೂ ಬಲು ಚೆನ್ನ, ಏಕೆಂದರೆ ಎಷ್ಟು ಕುದಿಸಿದರೂ ಹೋಳು ಹೋಳಾಗಿಯೇ ನಿಲ್ಲುತ್ತದೆ. ಆದರೆ ಅದನ್ನೇ ಬೇಯಿಸಿ, ಹಿಸುಕಿ, ಬೆಣ್ಣೆ ಮತ್ತು ಹಾಲು ಬೆರೆಸಿ ನುಣುಪಾದ ನಂಚಿಕೆಯೊಂದನ್ನು ಮಾಡಹೊರಟರೆ ಅದು ಸುಲಭಕ್ಕೆ ಮಾತು ಕೇಳುವುದಿಲ್ಲ. ಹತ್ತು ಹನ್ನೆರಡು ವರ್ಷ ಈ ಗೆಡ್ಡೆಯೊಡನೆ ಜಗಳವಾಡಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು: ಹಿಸುಕಿದ ಆಲೂಗೆಡ್ಡೆ ಕೆಡುವುದು ಮುಖ್ಯವಾಗಿ ಎರಡು ಕಾರಣಗಳಿಂದ. ಒಂದು, ಗೆಡ್ಡೆಯೊಳಗೆ ಉಳಿದ ನೀರು. ಇನ್ನೊಂದು, ಹಿಸುಕುವವರ ಅತ್ಯುತ್ಸಾಹ.

ಅತ್ಯುತ್ಸಾಹದ ಪಾಠ ನನಗೆ ಮೊದಲು ಆಯಿತು. ಮದುವೆಯಾದ ಹೊಸತರಲ್ಲಿ, ಮನೆಗೆ ನೆಂಟರು ಬಂದಿದ್ದ ದಿನ, ಕುಕ್ಕರಿನಲ್ಲಿ ನಾಲ್ಕು ವಿಷಲ್ ಕೂಗಿಸಿದ ಆಲೂಗೆಡ್ಡೆಯನ್ನು ಮಿಕ್ಸಿಗೆ ಹಾಕಿ, ನುಣ್ಣಗಾಗಲಿ ಎಂದು ಎರಡು ನಿಮಿಷ ತಿರುಗಿಸಿದ್ದೆ. ಜಾರಿನಿಂದ ಹೊರಬಂದದ್ದು ಬಿಳಿಯ, ಹೊಳೆಯುವ, ಸೌಟನ್ನು ಎತ್ತಿದರೆ ಹಗ್ಗದಂತೆ ಜೊತೆಗೇ ಏಳುವ ಒಂದು ಪದಾರ್ಥ. ನಮ್ಮ ಅತ್ತೆಯವರು ಪಾತ್ರೆಯೊಳಗೆ ಇಣುಕಿ, ಒಂದು ಬೆರಳಿನಿಂದ ಮುಟ್ಟಿ ನೋಡಿ, "ಏನವ್ವಾ ಇದು, ಗೋಡೆಗೆ ಪೋಸ್ಟರ್ ಅಂಟ್ಸೋಕೆ ಕಾಯ್ಸಿದ್ದೀಯೇನು?" ಎಂದರು. ಅವರ ಹೋಲಿಕೆ ನೂರಕ್ಕೆ ನೂರು ಸರಿಯಾಗಿತ್ತು ಎಂಬುದು ಆಮೇಲೆ ತಿಳಿಯಿತು. ಆಲೂಗೆಡ್ಡೆಯ ಪ್ರತಿಯೊಂದು ಜೀವಕೋಶದೊಳಗೂ ಪಿಷ್ಟದ ಕಣಗಳು ತುಂಬಿರುತ್ತವೆ. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅವು ನೀರು ಹೀರಿ ಉಬ್ಬುತ್ತವೆ. ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವ ಪೆಕ್ಟಿನ್ ಬೇಯುತ್ತಾ ಸಡಿಲಗೊಳ್ಳುವುದರಿಂದ, ಮೆಲ್ಲಗೆ ಒತ್ತಿದರೆ ಕೋಶಗಳು ಒಡೆಯದೆ ಬಿಡಿಬಿಡಿಯಾಗುತ್ತವೆ, ಬಾಯಿಗೆ ಹಗುರವಾದ ಹಿಟ್ಟಿನಂತೆ ಸಿಗುತ್ತವೆ. ಮಿಕ್ಸಿಯ ಬ್ಲೇಡಿಗೆ ಸಿಕ್ಕಿದರೆ ಕೋಶದ ಗೋಡೆಯೇ ಹರಿದು, ಒಳಗಿನ ಪಿಷ್ಟವೆಲ್ಲ ಹೊರಚೆಲ್ಲಿ ಅಂಟಾಗುತ್ತದೆ. ಮೈದಾ ಕಾಯಿಸಿ ಮಾಡುವ ಅಂಟಿನಲ್ಲಿ ಕೆಲಸ ಮಾಡುವುದೂ ಇದೇ ಪಿಷ್ಟ.

ಇನ್ನು ನೀರಿನ ವಿಷಯ. ಇದು ಹಾಸನದವರಿಗೆ ಹೆಚ್ಚು ಅನ್ವಯಿಸುವ ಮಾತು. ಉತ್ತರ ಭಾರತದ ಬಯಲಿನಲ್ಲಿ ಆಲೂಗೆಡ್ಡೆ ಚಳಿಗಾಲದ ಬೆಳೆ. ನಮ್ಮಲ್ಲಿ ಅದು ಮಳೆಗಾಲದ ಬೆಳೆ. ಮೇ ತಿಂಗಳಲ್ಲಿ ಒಂದೆರಡು ಹದವಾದ ಮಳೆ ಬಿದ್ದೊಡನೆ ಎಪಿಎಂಸಿ ಪ್ರಾಂಗಣದಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಂದ ಬಿತ್ತನೆ ಗೆಡ್ಡೆಯ ಮೂಟೆಗಳ ಸುತ್ತ ರೈತರು ಸೇರುತ್ತಾರೆ. ಹಾಸನ, ಅರಕಲಗೂಡು, ಬೇಲೂರು ತಾಲ್ಲೂಕುಗಳ ಹೊಲಗಳಲ್ಲಿ ಬಿತ್ತಿದ್ದು ಮೂರು ತಿಂಗಳಲ್ಲಿ ಕೀಳಲು ಬರುತ್ತದೆ. ತಳಿ ಬಹುಪಾಲು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ, ಬಿಳಿ ತಿರುಳಿನ, ಕಣ್ಣು ಆಳವಿಲ್ಲದ ಗೆಡ್ಡೆ ಇದು. ಶಿಮ್ಲಾ ಬಳಿಯ ಕುಫ್ರಿ ಎಂಬ ಊರಿನ ಹೆಸರೇ ತಳಿಗೂ ಬಂದಿದೆ. ಕಣ್ಣು ಆಳವಿಲ್ಲದಿರುವುದು ಸಿಪ್ಪೆ ಹೆರೆಯುವವರಿಗೆ ಎಷ್ಟು ದೊಡ್ಡ ಉಪಕಾರವೆಂಬುದು ಐದು ಕೆಜಿ ಹೆರೆದವರಿಗೇ ಗೊತ್ತು. ಮಳೆಯಲ್ಲಿ ಬೆಳೆದು ಮಳೆಯಲ್ಲೇ ಕಿತ್ತ ಎಳೆಯ ಗೆಡ್ಡೆಯಲ್ಲಿ ನೀರು ಹೆಚ್ಚು, ಪಿಷ್ಟ ಕಡಿಮೆ. ಅಂಗಮಾರಿ ರೋಗ ಹೊಡೆದ ಹೊಲದ್ದಾದರೆ ಸಿಪ್ಪೆಯ ಕೆಳಗೆ ಕಂದು ಬಣ್ಣದ ಗಟ್ಟಿ ಮಚ್ಚೆಯೂ ಇರುತ್ತದೆ. ಅಂಥ ಭಾಗವನ್ನು ಧಾರಾಳವಾಗಿ ಕತ್ತರಿಸಿ ಎಸೆಯಬೇಕು. ಹಿಸುಕಿದ ಮೇಲೆ ಒಂದು ಮಚ್ಚೆ ಇಡೀ ಪಾತ್ರೆಯ ಬಣ್ಣವನ್ನೂ ರುಚಿಯನ್ನೂ ಕೆಡಿಸುತ್ತದೆ. ಬಿಸಿಲಿಗೆ ಬಿದ್ದು ಹಸಿರಾದ ಗೆಡ್ಡೆಯಲ್ಲಿ ಸೊಲನಿನ್ ಎಂಬ ವಿಷ ಸೇರಿಕೊಂಡಿರುತ್ತದೆ, ಬೇಯಿಸಿದರೂ ಅದು ಹೋಗುವುದಿಲ್ಲವಾದ್ದರಿಂದ ಅದನ್ನು ಮೂಟೆಯಿಂದಲೇ ಆರಿಸಿ ತೆಗೆಯುವುದು ಕ್ಷೇಮ.

ಗೆಡ್ಡೆ ಹಿಸುಕಲು ಯೋಗ್ಯವೋ ಅಲ್ಲವೋ ಎಂದು ಮೊದಲೇ ತಿಳಿಯಲು ಒಂದು ಪರೀಕ್ಷೆಯಿದೆ. 11 ಬಟ್ಟಲು ನೀರಿಗೆ ಅದೇ ಅಳತೆಯ 1 ಬಟ್ಟಲು ಉಪ್ಪು ಕರಗಿಸಿ ಅದರೊಳಗೆ ಗೆಡ್ಡೆಯನ್ನು ಬಿಡಬೇಕು. ಪಿಷ್ಟ ಹೆಚ್ಚಿದ್ದು ಮುಳುಗುತ್ತದೆ, ನೀರು ಹೆಚ್ಚಿದ್ದು ತೇಲುತ್ತದೆ. ನಾನು ಕಳೆದ ಸೆಪ್ಟೆಂಬರಿನಲ್ಲಿ ಬಕೆಟ್ಟಿನಲ್ಲಿ ಹತ್ತು ಗೆಡ್ಡೆ ಬಿಟ್ಟಾಗ ಏಳು ತೇಲಿದವು, ಎರಡು ಮುಳುಗಿದವು, ಒಂದು ಯಾವ ಪಕ್ಷವೆಂದು ನಿರ್ಧರಿಸಲಾರದೆ ನಡುವೆ ನಿಂತಿತು. ತೇಲಿದವನ್ನು ಹುಳಿಗೆ ಇಡಬಹುದು. ಆದರೆ ಊರಿನ ಗೆಡ್ಡೆಯೆಲ್ಲ ತೇಲುವ ಜಾತಿಯೇ ಆದಾಗ ಅದರಲ್ಲೇ ಕೆಲಸ ಸಾಧಿಸಬೇಕಲ್ಲ, ಆಗ ಬೇಯಿಸುವ ಕ್ರಮವೇ ಮುಖ್ಯವಾಗುತ್ತದೆ.

ಕುಕ್ಕರನ್ನು ನಾನು ಈ ಕೆಲಸಕ್ಕೆ ಬಳಸುವುದನ್ನು ಬಿಟ್ಟಿದ್ದೇನೆ. ಒಳಗಿನ ಒತ್ತಡಕ್ಕೆ ಸಿಪ್ಪೆ ಬಿರಿದು ಗೆಡ್ಡೆ ನೀರು ಕುಡಿಯುತ್ತದೆ. ಹೊರಗೆ ಕರಗಿ ಒಳಗೆ ಬೆಂಡಾಗಿ ಉಳಿಯುವುದೂ ಉಂಟು. ಒಂದು ಕೆಜಿ ಗೆಡ್ಡೆಯನ್ನು ಒಂದೇ ಗಾತ್ರದವು ಇರುವಂತೆ ಆರಿಸಿ, ಸಿಪ್ಪೆ ಸಮೇತ ಇಡಿಯಾಗಿಯೇ ತಣ್ಣೀರಿನಲ್ಲಿ ಮುಳುಗಿಸಿ, ಉಪ್ಪು ಹಾಕಿ, ಮಧ್ಯಮ ಉರಿಯಲ್ಲಿ ಇಡುತ್ತೇನೆ. ಕುದಿಯುವ ನೀರಿಗೆ ಹಾಕಿದರೆ ನಡುಭಾಗ ಬೇಯುವಷ್ಟರಲ್ಲಿ ಹೊರಭಾಗ ಅತಿಯಾಗಿ ಬೆಂದಿರುತ್ತದೆ, ತಣ್ಣೀರಿನಿಂದ ಶುರುವಾದರೆ ಬಿಸಿ ನಿಧಾನವಾಗಿ ಒಳಕ್ಕೆ ಹೋಗುತ್ತದೆ. ಚಾಕುವಿನ ಮೊನೆ ತಡೆಯಿಲ್ಲದೆ ನಡುವಿನವರೆಗೂ ಇಳಿದಾಗ ನೀರನ್ನು ಬಸಿದು, ಬಿಸಿಯಿರುವಾಗಲೇ ಸಿಪ್ಪೆ ತೆಗೆದು, ನಾಲ್ಕು ಹೋಳು ಮಾಡಿ, ಖಾಲಿ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಹರಡಬೇಕು. ಇಲ್ಲಿ ಅವಸರ ಬೇಡ. ಮೊದಲು ಆವಿ ದಟ್ಟವಾಗಿ ಏಳುತ್ತದೆ, ಬಳಿಕ ತೆಳುವಾಗುತ್ತದೆ. ಹೋಳಿನ ಅಂಚು ಪುಡಿಪುಡಿಯಾಗಿ, ವಿಭೂತಿ ಬಳಿದಂತೆ ಬೆಳ್ಳಗಾಗಿ, ಬಾಣಲೆಯ ತಳದಲ್ಲಿ ತೆಳ್ಳನೆಯ ಬಿಳಿ ಪದರ ಕಟ್ಟಲಾರಂಭಿಸಿದರೆ ನೀರು ಹೋಯಿತೆಂದು ಅರ್ಥ. ನಮ್ಮ ಮಳೆಗಾಲದ ಗೆಡ್ಡೆಗೆ ಇದು ಐದಾರು ನಿಮಿಷವಾದರೂ ಬೇಕು.

ಈಗ ಶಾವಿಗೆ ಒರಳು. ನಮ್ಮ ಕಡೆ ಒತ್ತು ಶಾವಿಗೆ ಮಾಡುವ ಮನೆಗಳಲ್ಲಿ ಮೂರು ಕಾಲಿನ, ಮೇಲೆ ತಿರುಗಿಸುವ ಹಿಡಿಯಿರುವ ಒರಳು ಇದ್ದೇ ಇರುತ್ತದೆ, ವರ್ಷದಲ್ಲಿ ಹತ್ತು ಸಲ ಕೆಳಗಿಳಿದು ಮಿಕ್ಕ ದಿನ ಅಟ್ಟದ ಮೇಲೆ ಕೂತಿರುತ್ತದೆ. ಪರದೇಶದ ಅಡುಗೆಮನೆಗಳಲ್ಲಿ ಆಲೂಗೆಡ್ಡೆಗೆಂದೇ ಬೇರೆ ಒತ್ತುಗ ಇಟ್ಟುಕೊಳ್ಳುತ್ತಾರೆ. ಸಣ್ಣ ತೂತುಗಳ ಮೂಲಕ ಗೆಡ್ಡೆಯನ್ನು ಒಂದೇ ಸಲ, ನೇರವಾಗಿ, ತಿರುವದೆ ದೂಡುವುದು ಅದರ ಕೆಲಸ. ನಮ್ಮ ಶಾವಿಗೆ ಒರಳು ಮಾಡುವುದೂ ಅದನ್ನೇ. ಬಾಣಲೆಯಿಂದ ಬಿಸಿ ಹೋಳನ್ನು ಒರಳಿಗೆ ತುಂಬಿ ಹಿಡಿ ತಿರುಗಿಸಿದರೆ ಕೆಳಗಿನ ತಟ್ಟೆಗೆ ಬಿಳಿ ಎಳೆಗಳು ಬೀಳುತ್ತವೆ, ಅಕ್ಕಿ ಶಾವಿಗೆಯಷ್ಟು ಉದ್ದ ನಿಲ್ಲದೆ ತುಂಡುತುಂಡಾಗಿ ಗುಡ್ಡೆಯಾಗುತ್ತವೆ. ಗಂಟು ಒಂದೂ ಇರುವುದಿಲ್ಲ, ಅಂಟೂ ಇರುವುದಿಲ್ಲ. ಒರಳಿಲ್ಲದವರು ಚಕ್ಕುಲಿ ಒರಳಿಗೆ ಸಣ್ಣ ತೂತಿನ ಬಿಲ್ಲೆ ಹಾಕಿಕೊಂಡರೂ ನಡೆಯುತ್ತದೆ, ಕೈನೋವು ಸ್ವಲ್ಪ ಹೆಚ್ಚು. ಮಸ್ಸೊಪ್ಪಿಗೆ ಬಳಸುವ ಕಡಗೋಲನ್ನು ಮಾತ್ರ ದಯವಿಟ್ಟು ತರಬೇಡಿ. ಸೊಪ್ಪಿಗೆ ಕಡೆತ ಒಳ್ಳೆಯದು, ಆಲೂಗೆಡ್ಡೆಗೆ ಅಲ್ಲ.

ಬೆಣ್ಣೆ ಮೊದಲು, ಹಾಲು ಆಮೇಲೆ. ಕೆಜಿಗೆ 100 ಗ್ರಾಂ ಬೆಣ್ಣೆಯನ್ನು ಬಿಸಿ ಎಳೆಗಳ ಮೇಲೆ ಚೂರು ಚೂರಾಗಿ ಹಾಕಿ ಮರದ ಸೌಟಿನಿಂದ ಮಡಿಸಿದಂತೆ ಬೆರೆಸಿದರೆ ಜಿಡ್ಡು ಪಿಷ್ಟದ ಸುತ್ತ ಹರಡಿಕೊಳ್ಳುತ್ತದೆ, ಆಮೇಲೆ ಹಾಕಿದ ಹಾಲಿಗೆ ಅದು ಅಷ್ಟಾಗಿ ಅಂಟಾಗುವುದಿಲ್ಲ. ಫ್ರಾನ್ಸಿನ ಹೆಸರಾಂತ ಬಾಣಸಿಗ ಜೋಯಲ್ ರೊಬುಶೋನ್ ಕೆಜಿಗೆ 250 ಗ್ರಾಂ ಬೆಣ್ಣೆ ಹಾಕುತ್ತಿದ್ದರು. ಒಮ್ಮೆ ಹಾಗೂ ಮಾಡಿ ನೋಡಿದ್ದೇನೆ, ಅದ್ಭುತವಾಗಿತ್ತು, ಮೂರನೆಯ ತುತ್ತಿಗೆ ಸಾಕಾಯಿತು. ಹಾಲು ಕುದಿಯುವಷ್ಟು ಬಿಸಿಯಿರಬೇಕು, 150 ಮಿಲಿಲೀಟರಿನಿಂದ ಆರಂಭಿಸಿ ಗೆಡ್ಡೆ ಕೇಳಿದಷ್ಟು ಹಾಕಬೇಕು. ಕೊನೆಯಲ್ಲಿ ಉಪ್ಪು, ಸಕಲೇಶಪುರದ ಕಡೆಯ ಕಾಳುಮೆಣಸನ್ನು ಆಗಲೇ ಕುಟ್ಟಿದ ತರಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ತಪ್ಪೊಪ್ಪಿಗೆಯನ್ನೂ ಬರೆಯಬೇಕು: ನೀರು ತೆಗೆಯುವ ಎಲ್ಲ ಉಪಾಯಗಳಿಗಿಂತ ಮೇಲಾದದ್ದು ನಮ್ಮ ತವರಿನ ಬಚ್ಚಲುಮನೆಯ ಹಂಡೆ ಒಲೆ. ಸ್ನಾನದ ನೀರು ಕಾದ ಮೇಲೆ ಉಳಿದ ಕೆಂಡದ ಬೂದಿಯಲ್ಲಿ ಬದನೆಕಾಯಿ, ಗೆಣಸು ಹೂಳುವಂತೆಯೇ ಅಜ್ಜಿ ಆಲೂಗೆಡ್ಡೆಯನ್ನೂ ಹೂಳುತ್ತಿದ್ದರು. ಮುಕ್ಕಾಲು ಗಂಟೆಯಲ್ಲಿ ಸಿಪ್ಪೆ ಸುಕ್ಕುಗಟ್ಟಿ ಕರಿಯಾಗಿ, ಒಳಗೆ ಬೂದಿಯಷ್ಟೇ ಒಣಗಿದ ತಿರುಳು ಸಿದ್ಧವಾಗುತ್ತಿತ್ತು. ಅದನ್ನು ಕೈಯಲ್ಲೇ ಕಿವುಚಿ, ಉಪ್ಪು, ಹೆಚ್ಚಿದ ಈರುಳ್ಳಿ, ಸುಟ್ಟ ಹಸಿಮೆಣಸಿನಕಾಯಿ ಸೇರಿಸಿ, ತಣಿದ ಮೇಲೆ ಗಟ್ಟಿ ಮೊಸರು ಕಲಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಟ್ಟರೆ ಆಲೂಗೆಡ್ಡೆ ಬಜ್ಜಿ. ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ, ಬದನೆಕಾಯಿ ಬಜ್ಜಿ ಎನ್ನುವಾಗಿನ ಬಜ್ಜಿ. ಹಿಸುಕಿದ ಗೆಡ್ಡೆಯ ನಂಚಿಕೆ ನಮಗೆ ಹೊರಗಿನಿಂದ ಬಂದದ್ದು ಎನ್ನುವವರು ಇದನ್ನು ಮರೆತಿರುತ್ತಾರೆ. ಹಂಡೆ ಒಲೆಯ ಜಾಗದಲ್ಲಿ ಗೀಸರ್ ಬಂದಿರುವ ಮನೆಯವರು ಓವನ್‌ನಲ್ಲಿ 200 ಡಿಗ್ರಿಗೆ ಒಂದು ಗಂಟೆ ಇಟ್ಟರೆ ಹೊಗೆಯ ವಾಸನೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಸಿಗುತ್ತದೆ.

ಉಳಿದ ಗೆಡ್ಡೆಗಳು ಒಂದೊಂದೂ ಒಂದೊಂದು ಸ್ವಭಾವದವು. ಗೆಣಸನ್ನು ಎಂದೂ ಅವಸರದಲ್ಲಿ ಬೇಯಿಸಬಾರದು. ಅದರೊಳಗಿನ ಕಿಣ್ವವೊಂದು ನಿಧಾನವಾಗಿ ಬಿಸಿಯೇರುವ ಹೊತ್ತಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತದೆ, ಆದ್ದರಿಂದಲೇ ಕೆಂಡದ ಗೆಣಸು ಕುಕ್ಕರಿನ ಗೆಣಸಿಗಿಂತ ಸಿಹಿ. ಅದನ್ನು ಹಿಸುಕಿ ತುಪ್ಪ, ಉಪ್ಪು, ಒಣಮೆಣಸಿನಕಾಯಿಯ ಒಗ್ಗರಣೆ, ನಾಲ್ಕು ಹನಿ ನಿಂಬೆರಸ ಹಾಕಿದರೆ ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ತಿನ್ನುತ್ತಾರೆ. ಸುವರ್ಣಗೆಡ್ಡೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುವುದರಿಂದ ಕೈಗೆ ಎಣ್ಣೆ ಹಚ್ಚಿಕೊಂಡು ಹೆಚ್ಚಬೇಕು. ತುರಿಕೆ ಹೋಗಲೆಂದು ಆರಂಭದಲ್ಲೇ ಹುಣಸೆಹಣ್ಣು ಹಾಕುವವರ ಗೆಡ್ಡೆ ಬೇಗ ಮೆತ್ತಗಾಗುವುದಿಲ್ಲ, ಏಕೆಂದರೆ ಹುಳಿಯಿದ್ದಲ್ಲಿ ಪೆಕ್ಟಿನ್ ಸುಲಭವಾಗಿ ಸಡಿಲವಾಗದು. ಅರಿಸಿನ ಉಪ್ಪಿನ ನೀರಿನಲ್ಲಿ ಪೂರ್ತಿ ಬೇಯಿಸಿ, ಆ ನೀರನ್ನು ಚೆಲ್ಲಿ, ಆಮೇಲೆ ಹುಣಸೆರಸದಲ್ಲಿ ಒಂದು ಕುದಿ ಕುದಿಸುವುದು ನನ್ನ ಕ್ರಮ. ಅರ್ಧ ಸುವರ್ಣಗೆಡ್ಡೆ, ಅರ್ಧ ಆಲೂಗೆಡ್ಡೆ ಸೇರಿಸಿ ಒರಳಿನಲ್ಲಿ ಒತ್ತಿ, ತೆಂಗಿನತುರಿ, ಶುಂಠಿ, ಕೊತ್ತಂಬರಿ ಬೆರೆಸಿದ ನಂಚಿಕೆ ನಮ್ಮ ಮನೆಯಲ್ಲಿ ಈಗ ಖಾಯಂ ಆಗಿದೆ. ಕೆಸುವಿನ ಗೆಡ್ಡೆ ಹಿಸುಕಿದರೆ ಲೋಳೆ. ಅದನ್ನು ಬೇಯಿಸಿ, ಅಂಗೈಯಲ್ಲಿ ಚಪ್ಪಟೆ ಮಾಡಿ, ಕಾವಲಿಯ ಮೇಲೆ ಗರಿಗರಿಯಾಗಿ ಹುರಿಯುವುದೇ ನ್ಯಾಯ. ಮೂಲಂಗಿಯನ್ನು ಈ ಗುಂಪಿಗೆ ಸೇರಿಸುವ ಪ್ರಯತ್ನವನ್ನು ನಾನು ಒಂದೇ ಸಲ ಮಾಡಿದ್ದೇನೆ.

ಕ್ಯಾರೆಟ್ ಮಾತ್ರ ಆಲೂಗೆಡ್ಡೆಗೆ ಒಳ್ಳೆಯ ಜೊತೆ. ನೆದರ್ಲೆಂಡ್ಸಿನ ಲೈಡನ್ ಪಟ್ಟಣದಲ್ಲಿ ಪ್ರತಿ ವರ್ಷ ಅಕ್ಟೋಬರ್ 3ರಂದು ಹಟ್ಸ್‌ಪಾಟ್ ಎಂಬ ಅಡುಗೆ ಮಾಡುತ್ತಾರೆ. 1574ರಲ್ಲಿ ಸ್ಪೇನಿನ ಸೇನೆ ಪಟ್ಟಣದ ಮುತ್ತಿಗೆ ಬಿಟ್ಟು ಓಡಿದಾಗ ಅವರ ಶಿಬಿರದಲ್ಲಿ ಒಂದು ಪಾತ್ರೆ ಗೆಡ್ಡೆಗಳ ಅಡುಗೆ ಉಳಿದಿತ್ತೆಂಬುದು ಅಲ್ಲಿನ ಐತಿಹ್ಯ. ಆಲೂಗೆಡ್ಡೆ ಆ ಅಡುಗೆಗೆ ಸೇರಿದ್ದು ಬಹಳ ಕಾಲದ ನಂತರ. ಈಗ ಅದರಲ್ಲಿರುವುದು ಆಲೂಗೆಡ್ಡೆ, ಕ್ಯಾರೆಟ್, ಈರುಳ್ಳಿ. ಕ್ಯಾರೆಟ್ ಬೇಯಲು ಹೆಚ್ಚು ಹೊತ್ತು ಬೇಕಾದ್ದರಿಂದ ಬೇರೆಯಾಗಿಯೇ ಬೇಯಿಸಿ, ಈರುಳ್ಳಿಯನ್ನು ಬೆಣ್ಣೆಯಲ್ಲಿ ಹೊಂಬಣ್ಣ ಬರುವವರೆಗೆ ಬಾಡಿಸಿ, ಮೂರನ್ನೂ ತರಿತರಿಯಾಗಿಯೇ ಸೇರಿಸುತ್ತೇನೆ. ಇದಕ್ಕೆ ಒರಳು ಬೇಕಿಲ್ಲ, ಸೌಟಿನ ಬೆನ್ನು ಸಾಕು.

ಬಡಿಸುವಾಗ ಒಂದು ಎಚ್ಚರಿಕೆ ಇರಲಿ. ಮುದ್ದೆಯ ಪಕ್ಕದಲ್ಲಿ ಇವು ಯಾವುವೂ ಒಪ್ಪುವುದಿಲ್ಲ, ಎರಡೂ ಮೆತ್ತಗಾಗಿ ಬಾಯಿಗೆ ಕೆಲಸವೇ ಇರುವುದಿಲ್ಲ. ಕಾವಲಿಯಿಂದ ಇಳಿದ ಅಕ್ಕಿರೊಟ್ಟಿಯ ಗರಿ ಅಂಚು ಇದಕ್ಕೆ ತಕ್ಕ ಜೋಡಿ. ರಾತ್ರಿ ಉಳಿದ ಆಲೂಗೆಡ್ಡೆಯನ್ನು ಮರುದಿನ ಬಿಸಿ ಮಾಡಿ ಬಡಿಸಿದರೆ ಮೊದಲಿನ ನುಣುಪು ಬರುವುದಿಲ್ಲ. ಬೆಳಿಗ್ಗೆ ಅಕ್ಕಿಹಿಟ್ಟಿಗೆ ಅದನ್ನು ಸೇರಿಸಿ, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆಯೊಡನೆ ಕಲಸಿ ರೊಟ್ಟಿ ತಟ್ಟುತ್ತೇನೆ. ನೀರು ಮಾತ್ರ ಕೈಯಳತೆ ನೋಡಿಕೊಂಡು ಹಾಕಬೇಕು, ಗೆಡ್ಡೆಯಲ್ಲಿ ಆಗಲೇ ಸಾಕಷ್ಟು ಇರುತ್ತದೆ.